ಮತ್ತೆ ಕುವೈತಿಗೆ ಹೋಗಬೇಕೇ?

ಕಳೆದ ಕೆಲವು ವಾರಗಳಲ್ಲಿ ಬಂದ ಪತ್ರಗಳ ಪೈಕಿ ಕುವೈತಿಗೆ ಸಂಬಂಧಿಸಿದ ಮೂರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. 1983ರಿಂದ 1990ರವರೆಗೆ ನಾನೂ ಅಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದವನು. ಆದ್ದರಿಂದ ಉತ್ತರಗಳಲ್ಲಿ ನನ್ನ ಅನುಭವವೂ ಸೇರಿಕೊಂಡಿದೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಾನು 1979ರಲ್ಲಿ, 24ನೆಯ ವಯಸ್ಸಿನಲ್ಲಿ, ಕುಂದಾಪುರದಿಂದ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಅಲ್ಲಿಂದ ಕುವೈತಿಗೆ ವಿಮಾನ ಹತ್ತಿದವನು. ಶುವೈಖ್‌ನ ಒಂದು ಗೋದಾಮಿನಲ್ಲಿ ಹನ್ನೊಂದು ವರ್ಷ ಸ್ಟೋರ್‌ಕೀಪರ್ ಆಗಿದ್ದೆ. ಮದುವೆಯಾದ ಮೇಲೆ ಹವಲ್ಲಿಯಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಎದುರು ಮನೆಯಲ್ಲಿ ಪ್ಯಾಲೆಸ್ತೀನಿನ ಶಾಲಾ ಮೇಷ್ಟ್ರೊಬ್ಬರ ಸಂಸಾರವಿತ್ತು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ನುಗ್ಗಿದ ಮೇಲೆ ನಾವು ನಾಲ್ಕು ವಾರ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆ ದಿನಗಳಲ್ಲಿ ಬೆಳಗಿನ ಜಾವಕ್ಕೇ ಬೇಕರಿಯ ಮುಂದೆ ಸಾಲಿನಲ್ಲಿ ನಿಂತು ನಮ್ಮ ಪಾಲಿನ ಖುಬ್ಬೂಸ್ ರೊಟ್ಟಿಯನ್ನೂ ತಂದುಕೊಡುತ್ತಿದ್ದವರು ಆ ಮೇಷ್ಟ್ರು. ಕೊನೆಗೆ ಬಸ್ಸು ಹೊರಡುವ ಜಾಗಕ್ಕೆ ತಮ್ಮ ಕಾರಿನಲ್ಲಿ ನಮ್ಮನ್ನು ಬಿಟ್ಟು, ನಮ್ಮ ಮನೆಯ ಬೀಗದ ಕೈಯನ್ನು ತಮ್ಮ ಬಳಿ ಇರಿಸಿಕೊಂಡು, ತಿಂಗಳೊಳಗೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಕಳುಹಿಸಿದರು. ನಾನು ಮತ್ತೆ ಹೋಗಲಿಲ್ಲ. ಊರಿನಲ್ಲೇ ಒಂದು ಹಾರ್ಡ್‌ವೇರ್ ಅಂಗಡಿ ಇಟ್ಟು ಮಕ್ಕಳನ್ನು ಓದಿಸಿದೆ. ಈಗ ಕಿರಿಯ ಮಗ ಕುವೈತಿನಲ್ಲೇ ಇಂಜಿನಿಯರ್ ಆಗಿದ್ದಾನೆ. ಬಂದು ಹೋಗಿ ಎಂದು ಎರಡು ವರ್ಷಗಳಿಂದ ಕರೆಯುತ್ತಿದ್ದಾನೆ. ನನ್ನಾಕೆಗೆ ಮನಸ್ಸಿದೆ. ನನಗೆ ಧೈರ್ಯವಿಲ್ಲ. ನಾನು ಬಾಳಿದ ಕುವೈತು ಈಗ ಇರಲಾರದು, ಇರುವುದನ್ನು ನೋಡಿ ಇದ್ದದ್ದನ್ನೂ ಕಳೆದುಕೊಳ್ಳುವುದೇಕೆ ಎನ್ನಿಸುತ್ತದೆ. ಆ ಬಸ್ಸಿನ ಪ್ರಯಾಣ ಇಂದಿಗೂ ಕೆಲವು ರಾತ್ರಿ ಕನಸಿನಲ್ಲಿ ಬರುತ್ತದೆ. ಹೋಗಬೇಕೇ, ಬೇಡವೇ?

ಉತ್ತರ: ಮಾನ್ಯರೇ, ನಿಮ್ಮ ಪತ್ರವನ್ನು ಓದುವಾಗ ಬಸ್ರಾ, ಬಾಗ್ದಾದ್, ರುವೈಶಿದ್, ಅಮ್ಮಾನ್ ಎಂದು ಆ ದಾರಿಯ ಹೆಸರುಗಳೆಲ್ಲ ಒಂದರ ಹಿಂದೊಂದು ನನ್ನ ಬಾಯಿಗೆ ಬಂದವು. ಗಡಿ ದಾಟಿದ ಮೇಲೆ ಜೋರ್ಡಾನಿನ ಮರಳಿನಲ್ಲಿ ಡೇರೆಯ ಬಟ್ಟೆಯ ಕೆಳಗೆ ಮಲಗಿ, ನೀರಿನ ಲಾರಿ ಬಂದಾಗ ಡಬ್ಬ ಹಿಡಿದು ಓಡಿದವರಲ್ಲಿ ನಾನೂ ಒಬ್ಬ. ಆಗ ಕುವೈತಿನಲ್ಲಿದ್ದ ಭಾರತೀಯರು ಸುಮಾರು 1,70,000 ಮಂದಿ. ಆಗಸ್ಟ್ 13ರಿಂದ ಅಕ್ಟೋಬರ್‌ವರೆಗೆ ಅಮ್ಮಾನಿನಿಂದ ಬೊಂಬಾಯಿಗೆ ಏರ್ ಇಂಡಿಯಾ ನಡೆಸಿದ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಊರು ಸೇರಿದರು ಎಂಬುದು ಈಗ ಇತಿಹಾಸದ ಮಾತಾಗಿದೆ. ಆ ಒಂದು ಲಕ್ಷದಲ್ಲಿ ಒಬ್ಬರಾಗಿ ಬಂದವರಿಗೆ ಅದರ ಲೆಕ್ಕ ಬೇರೆ. ಹನ್ನೊಂದು ವರ್ಷದ ಸಂಪಾದನೆಯಲ್ಲಿ ಕೈಗೆ ಬಂದದ್ದು ಎರಡು ಚೀಲ ಮತ್ತು ಮಗುವಿನ ಹಾಲಿನ ಡಬ್ಬ ಎಂಬುದನ್ನು ನೀವು ಬರೆದಿಲ್ಲ, ಆದರೆ ನಿಮ್ಮಂತಹ ಹಲವರನ್ನು ಕಂಡಿರುವುದರಿಂದ ನಾನು ಊಹಿಸಬಲ್ಲೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೋಗಿ. ಆದರೆ ಬರಿಗೈಯಲ್ಲಿ ಹೋಗಬೇಡಿ. ಅಲ್ಲಿ ಮಾಡಬೇಕಾದ ಒಂದು ಕೆಲಸವನ್ನು ಇಟ್ಟುಕೊಂಡು ಹೋಗಿ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಎರಡು ಪ್ರಯಾಣಗಳಿಂದ ಕಲಿತೆ.

ಮೊದಲ ಸಲ ನಾನು ಮರಳಿ ಹೋದದ್ದು 2004ರಲ್ಲಿ. ಹಳೆಯ ದಿನಗಳನ್ನು ನೋಡಿ ಬರುತ್ತೇನೆ ಎಂಬುದರ ಹೊರತು ಬೇರೆ ಉದ್ದೇಶವಿರಲಿಲ್ಲ. ಸಾಲ್ಮಿಯದಲ್ಲಿ ನಾನಿದ್ದ ಕಟ್ಟಡದ ಜಾಗದಲ್ಲಿ ಕಾರುಗಳು ನಿಂತಿದ್ದವು. ಮೂಲೆಯ ಬಕಾಲದಲ್ಲಿ, ಎಂದರೆ ದಿನಸಿ ಅಂಗಡಿಯಲ್ಲಿ, ಬೇರೆಯವರಿದ್ದರು. ಅಲ್ಲಿ ವಿಳಾಸವೆಂದರೆ ಬ್ಲಾಕ್, ರಸ್ತೆ ಮತ್ತು ಮನೆಯ ಸಂಖ್ಯೆ. ನನ್ನ ಬಳಿ ಆ ಮೂರೂ ಇದ್ದವು, ಮನೆ ಮಾತ್ರ ಇರಲಿಲ್ಲ. ಮೂರು ದಿನ ಹೋಟೆಲಿನ ಕಿಟಕಿಯಿಂದ ಸಮುದ್ರವನ್ನು ನೋಡಿಕೊಂಡು ಕುಳಿತು, ನೀವು ಈಗ ಹೆದರುತ್ತಿರುವ ಸಂಕಟವನ್ನೇ ಹೊತ್ತುಕೊಂಡು ಹಿಂದಿರುಗಿದೆ. ಊರಿಗೆ ಬಂದ ಮೇಲೆ ಹಲವು ತಿಂಗಳು ಕುವೈತಿನ ಮಾತನ್ನೇ ಎತ್ತಲಿಲ್ಲ.

ಎರಡನೆಯ ಸಲ 2009ರಲ್ಲಿ ಹೋದೆ. 1990ರ ಆಗಸ್ಟಿನಲ್ಲಿ ಬ್ಯಾಂಕುಗಳ ಬಾಗಿಲು ಮುಚ್ಚಿ, ನನ್ನ ಉಳಿತಾಯ ಒಳಗೇ ಸಿಕ್ಕಿಬಿದ್ದಾಗ, ನಮ್ಮ ಕಚೇರಿಯ ಹಿರಿಯ ಕುವೈತಿ ಅಧಿಕಾರಿಯೊಬ್ಬರು ದಾರಿಯ ಖರ್ಚಿಗೆಂದು ತಮ್ಮ ಜೇಬಿನಿಂದ ಐವತ್ತು ದಿನಾರ್ ಕೊಟ್ಟಿದ್ದರು. ಇರಾಕು ತನ್ನ ದಿನಾರನ್ನು ಕುವೈತಿನ ದಿನಾರಿಗೆ ಸಮವೆಂದು ಸಾರಿ ಹಣದ ಬೆಲೆಯನ್ನೇ ಬುಡಮೇಲು ಮಾಡಿದ್ದ ಆ ದಿನಗಳಲ್ಲಿ ತಮ್ಮ ಮನೆಗೇ ಬೇಕಾಗಬಹುದಾದ ಹಣವನ್ನು ಅವರು ನನಗೆ ಕೊಟ್ಟರು. ಅದನ್ನು ತೀರಿಸಬೇಕೆಂದು ಹೋದೆ. ಅವರು ತೀರಿಕೊಂಡಿದ್ದರು. ಅವರ ಮಗ ಹಣವನ್ನು ಮುಟ್ಟಲಿಲ್ಲ. ಸಂಜೆ ತಮ್ಮ ದಿವಾನಿಯಾಕ್ಕೆ ಕರೆದೊಯ್ದು, ಗಂಡಸರೆಲ್ಲ ಗೋಡೆಗೊರಗಿ ಕುಳಿತಿದ್ದ ಆ ಕೋಣೆಯಲ್ಲಿ ನನ್ನನ್ನು ತಂದೆಯ ಗೆಳೆಯನೆಂದು ಪರಿಚಯಿಸಿ, ಊಟ ಹಾಕಿಸಿದರು. ಅವರ ತಂದೆ ಆಕ್ರಮಣದ ಏಳು ತಿಂಗಳನ್ನು ಹೇಗೆ ಕಳೆದರು, ಕುವೈತು ಬಿಡುಗಡೆಯಾದ 1991ರ ಫೆಬ್ರವರಿ 26ರ ನಂತರವೂ ಉರಿಯುತ್ತಿದ್ದ ಆರುನೂರಕ್ಕೂ ಹೆಚ್ಚು ತೈಲಬಾವಿಗಳ ಹೊಗೆಯಲ್ಲಿ ಹಗಲು ಹೇಗೆ ಕತ್ತಲಾಗಿತ್ತು ಎಂಬುದನ್ನೆಲ್ಲ ಅಂದು ಕೇಳಿದೆ. ಕೊನೆಯ ಬಾವಿ ಆರಿದ್ದು ಆ ವರ್ಷದ ನವೆಂಬರಿನಲ್ಲಂತೆ. ನಾನು ಓಡಿಬಂದ ಮೇಲೂ ಆ ಊರಿನ ಬದುಕು ಮುಂದುವರಿದಿತ್ತು, ನನಗಿಂತ ಹೆಚ್ಚು ಕಷ್ಟವನ್ನು ಕಂಡಿತ್ತು ಎಂಬುದು ಹತ್ತೊಂಬತ್ತು ವರ್ಷಗಳ ನಂತರ ಮೊದಲ ಬಾರಿಗೆ ಮನಸ್ಸಿಗೆ ತಾಕಿತು. ಸಾಲ್ಮಿಯದ ಮನೆ ಅಂದೂ ಇರಲಿಲ್ಲ, ಆದರೆ ಅದರ ನೋವು ಮೊದಲಿನಷ್ಟು ಇರಲಿಲ್ಲ.

ನಿಮಗೆ ಅಲ್ಲಿ ಏನು ಕೆಲಸವಿದೆ? ನಿಮ್ಮ ಪತ್ರವೇ ಅದನ್ನು ಹೇಳುತ್ತಿದೆ. ಗೋದಾಮಿಗೆ ಒಂದು ವಾಕ್ಯ ಕೊಟ್ಟಿದ್ದೀರಿ. ಮೇಷ್ಟ್ರಿಗೆ ಮೂರು ಕೊಟ್ಟಿದ್ದೀರಿ. ನೀವು ನೋಡಬೇಕೆಂದಿರುವುದು ಹವಲ್ಲಿಯನ್ನಲ್ಲ, ಅವರನ್ನು ಎಂದು ನಾನು ತಿಳಿಯುತ್ತೇನೆ. ಆದ್ದರಿಂದ ಒಂದು ಕಹಿ ಸಂಗತಿಯನ್ನು ಮುಚ್ಚಿಡದೆ ಹೇಳಬೇಕಾಗಿದೆ. ಅವರು ಕುವೈತಿನಲ್ಲಿ ಸಿಗುವ ಸಂಭವ ಬಹಳ ಕಡಿಮೆ.

ಆಕ್ರಮಣಕ್ಕೆ ಮುಂಚೆ ಕುವೈತಿನಲ್ಲಿ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ತೀನಿಯರಿದ್ದರು. ಶಾಲೆಗಳಲ್ಲಿ, ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಆ ದೇಶವನ್ನು ಕಟ್ಟುವುದಕ್ಕೆ ದುಡಿದವರು ಅವರು. ಹವಲ್ಲಿಯಂತೂ ಅವರದೇ ಬಡಾವಣೆಯೆಂಬಂತಿತ್ತು. ಅವರ ರಾಜಕೀಯ ನಾಯಕತ್ವ ಸದ್ದಾಮನ ಪರವಾಗಿ ನಿಂತಿತೆಂಬ ಸಿಟ್ಟಿನಲ್ಲಿ, ಬಿಡುಗಡೆಯ ನಂತರ ಆ ಸಮುದಾಯದ ಬಹುಪಾಲು ಜನ ಕುವೈತನ್ನು ಬಿಡಬೇಕಾಯಿತು. ನಿಮಗಾಗಿ ಸಾಲಿನಲ್ಲಿ ನಿಂತು ರೊಟ್ಟಿ ತಂದವರಂತಹ ಸಾಧಾರಣ ಮನುಷ್ಯರೂ ಆ ಸಿಟ್ಟಿಗೆ ಗುರಿಯಾದರು. ನಮ್ಮನ್ನು ಕರೆದೊಯ್ಯಲು ಒಂದು ದೇಶ ವಿಮಾನ ಕಳುಹಿಸಿತು. ಮರಳಿ ಹೋಗಲು ನಮಗೆ ಕುಂದಾಪುರವಿತ್ತು. ಅವರಿಗೆ ಅಂತಹ ಊರಿರಲಿಲ್ಲ. ಕುವೈತಿನಿಂದ ಹೊರಟವರಲ್ಲಿ ಹೆಚ್ಚಿನವರು ಜೋರ್ಡಾನ್ ಸೇರಿದರು, ಅದರಲ್ಲೂ ಅಮ್ಮಾನ್ ನಗರವನ್ನು. ನೀವು ವಿಮಾನ ಹತ್ತಿದ ಊರಿಗೇ ಕೆಲವು ತಿಂಗಳ ಅನಂತರ ನಿಮ್ಮ ಮೇಷ್ಟ್ರೂ ಬಂದಿಳಿದಿರುವ ಸಾಧ್ಯತೆ ಇದೆ.

ಹಾಗಾಗಿ ಹೊರಡುವ ಮೊದಲು ಒಂದು ಹಾಳೆಯಲ್ಲಿ ಅವರ ಪೂರ್ತಿ ಹೆಸರು, ಕಲಿಸುತ್ತಿದ್ದ ಶಾಲೆ ಮತ್ತು ವಿಷಯ, ಮಕ್ಕಳ ಹೆಸರು, ಹವಲ್ಲಿಯ ರಸ್ತೆ, ಅವರು ಮೂಲತಃ ಯಾವ ಊರಿನವರೆಂದು ಹೇಳುತ್ತಿದ್ದರು ಎಂಬುದನ್ನೆಲ್ಲ ಬರೆಯಿರಿ. ಕೊನೆಯದು ಬಹಳ ಮುಖ್ಯ, ಏಕೆಂದರೆ ಪ್ಯಾಲೆಸ್ತೀನಿಯರು ಎಲ್ಲಿ ನೆಲೆಸಿದರೂ ತಾತನ ಊರಿನ ಹೆಸರಿನಿಂದಲೇ ಒಬ್ಬರನ್ನೊಬ್ಬರು ಗುರುತಿಸಿಕೊಳ್ಳುತ್ತಾರೆ. ನೀವು ಮರೆತದ್ದು ನಿಮ್ಮ ಮನೆಯವರಿಗೆ ನೆನಪಿರುತ್ತದೆ; ಹೆಂಗಸರ ಮಾತುಕತೆ ಅಡುಗೆಮನೆಯ ಬಾಗಿಲಿನಲ್ಲಿ ನಡೆದಿರುತ್ತದೆ, ಅಲ್ಲಿ ತವರೂರಿನ ವಿಷಯ ಬಾರದೆ ಇರುವುದಿಲ್ಲ. ನಿಮ್ಮ ಮಗ ಅದನ್ನು ತನ್ನ ಸಹೋದ್ಯೋಗಿಗಳಿಂದ ಅರಬ್ಬಿ ಭಾಷೆಯಲ್ಲಿ ಬರೆಸಿ ವಿಚಾರಿಸಲಿ. ಮೇಷ್ಟ್ರು ಬದುಕಿದ್ದರೆ ಬಹಳ ವಯಸ್ಸಾಗಿರುತ್ತದೆ. ಸಿಗದೆಯೂ ಹೋಗಬಹುದು, ಸಿಕ್ಕಿದರೂ ಮಕ್ಕಳಷ್ಟೇ ಸಿಗಬಹುದು. ಆದರೆ ಅವರ ಮಕ್ಕಳಿಗೂ, ತಮ್ಮ ತಂದೆಯನ್ನು ಕನ್ನಡನಾಡಿನ ಒಂದು ಮನೆಯಲ್ಲಿ ಮೂವತ್ತೈದು ವರ್ಷಗಳಿಂದ ನೆನೆಯುತ್ತಿದ್ದಾರೆ ಎಂಬುದು ತಿಳಿಯಬೇಕಾದ ಸಂಗತಿಯೇ.

ಕನಸಿನ ವಿಷಯಕ್ಕೆ ಬರುತ್ತೇನೆ. ಆ ಪ್ರಯಾಣದ ಕಥೆಯನ್ನು ನಿಮ್ಮ ಮಗನಿಗೆ ಮೊದಲಿನಿಂದ ಕೊನೆಯವರೆಗೆ ಒಮ್ಮೆಯಾದರೂ ಹೇಳಿದ್ದೀರಾ? ನಮ್ಮ ತಲೆಮಾರಿನ ಗಂಡಸರು ಹೇಳುವುದಿಲ್ಲ. ಬೊಂಬಾಯಿಯಲ್ಲಿ ಇಳಿದು, ಊರಿಗೆ ಬಂದು, ಮರುವಾರವೇ ಹೊಟ್ಟೆಪಾಡಿಗೆ ದಾರಿ ಹುಡುಕಿಕೊಂಡೆವು, ಅಳುವುದಕ್ಕೆ ಬಿಡುವಿರಲಿಲ್ಲ. ಮಗ ಈಗ ದಿನವೂ ಓಡಾಡುತ್ತಿರುವ ರಸ್ತೆಯಲ್ಲೇ ಅವನ ಪಕ್ಕ ಕುಳಿತು, ಬಸ್ಸು ಹೊರಟದ್ದು ಎಲ್ಲಿಂದ ಎಂದು ತೋರಿಸಿ. ಕನಸು ಹೆಚ್ಚಾಗಿ, ನಿದ್ದೆಯೇ ಕೆಡುವಂತಿದ್ದರೆ ಮನೋವೈದ್ಯರನ್ನು ಕಾಣಲು ಹಿಂಜರಿಯಬೇಡಿ. ಯುದ್ಧದಿಂದ ತಪ್ಪಿಸಿಕೊಂಡು ಬಂದವರಲ್ಲಿ ಎಷ್ಟೋ ವರ್ಷಗಳ ಮೇಲೆ ಇಂತಹ ಕನಸು ಬೀಳುವುದು ಅಪರೂಪವಲ್ಲ, ಅದಕ್ಕೆ ಚಿಕಿತ್ಸೆಯೂ ಇದೆ.

ಪ್ರಯಾಣಕ್ಕೆ ಡಿಸೆಂಬರ್ ಅಥವಾ ಜನವರಿ ತಿಂಗಳನ್ನು ಆರಿಸಿಕೊಳ್ಳಿ. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಉಷ್ಣಾಂಶ ದಾಖಲಾಗಿತ್ತು. ಆ ಬೇಸಿಗೆಯನ್ನು 24ನೆಯ ವಯಸ್ಸಿನಲ್ಲಿ ತಡೆದುಕೊಂಡಂತೆ ಈಗ ತಡೆಯಲಾಗದು. ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಮೂಲ ಪೊಟ್ಟಣದಲ್ಲೇ ಒಯ್ಯಿರಿ, ಏಕೆಂದರೆ ನಮ್ಮಲ್ಲಿ ಸುಲಭವಾಗಿ ಸಿಗುವ ಕೆಲವು ನೋವಿನ ಮಾತ್ರೆಗಳು ಅಲ್ಲಿ ಕಟ್ಟುನಿಟ್ಟಾದ ನಿಯಂತ್ರಣದಲ್ಲಿವೆ. ಮಗನಿಗೆಂದು ಕಟ್ಟುವ ಮಸಾಲೆಯ ಗಂಟಿನಲ್ಲಿ ಗಸಗಸೆ ಬೇಡ. ಕೊಲ್ಲಿಯ ಹಲವು ದೇಶಗಳಲ್ಲಿ ಅದು ನಿಷಿದ್ಧ. ಹಳೆಯ ಪೇಟೆಯಾದ ಸೂಕ್ ಮುಬಾರಕಿಯಾಕ್ಕೆ ಹೋದಾಗ ಕೆಲವು ಭಾಗ ಗುರುತು ಸಿಗದಿದ್ದರೆ ಗಾಬರಿಯಾಗಬೇಡಿ, 2022ರ ಮಾರ್ಚ್ ಕೊನೆಯಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿದ್ದಿತ್ತು. ಖರ್ಜೂರದ ಅಂಗಡಿಗಳ ಸಾಲಿನಲ್ಲಿ ನಡೆಯುವಾಗ ಕಣ್ಣಿಗೆ ಹೊಸದೆನಿಸಿದ್ದು ಮೂಗಿಗೆ ಹಳೆಯದೆನಿಸೀತು.

ಪ್ರಶ್ನೆ: ನಾನು 22 ವರ್ಷಗಳಿಂದ ಕುವೈತಿನ ಒಂದೇ ಖಾಸಗಿ ಚಿಕಿತ್ಸಾಲಯದಲ್ಲಿ ನರ್ಸ್ ಆಗಿದ್ದೇನೆ. ವಯಸ್ಸು 49. ಬ್ರಹ್ಮಾವರದ ಹತ್ತಿರ ಮನೆ ಕಟ್ಟಿಸಿದ್ದೇವೆ. ಯಜಮಾನರು ಐದು ವರ್ಷಗಳ ಹಿಂದೆ ಊರಿಗೆ ಹಿಂದಿರುಗಿದರು. ಮಗಳು ಊರಿನಲ್ಲೇ ಓದುತ್ತಿದ್ದಾಳೆ. ಪ್ರತಿ ವರ್ಷವೂ ಇನ್ನೊಂದು ವರ್ಷ ಎಂದುಕೊಳ್ಳುತ್ತೇನೆ. ರಜೆಯಲ್ಲಿ ಊರಿಗೆ ಹೋದರೆ ನನ್ನ ಮನೆಯಲ್ಲಿ ನಾನೇ ನೆಂಟಳಂತಿರುತ್ತೇನೆ. ಸಕ್ಕರೆ ಡಬ್ಬ ಎಲ್ಲಿದೆ ಎಂದು ಕೇಳಬೇಕಾಗುತ್ತದೆ. ಹಿಂದಿರುಗಲೇ?

ಉತ್ತರ: ಸಹೋದರಿ, ಕುವೈತಿನಲ್ಲಿ ಎಷ್ಟು ವರ್ಷ ದುಡಿದರೂ ಕೆಲಸ ಮುಗಿದ ದಿನ ಅಕಾಮವೂ, ಎಂದರೆ ಅಲ್ಲಿ ವಾಸಿಸುವ ಪರವಾನಗಿಯೂ, ಮುಗಿಯುತ್ತದೆ. ಆದ್ದರಿಂದ ಹಿಂದಿರುಗಬೇಕೇ ಎಂಬುದು ನಿಮ್ಮ ಪ್ರಶ್ನೆಯಾಗಿ ಉಳಿದಿಲ್ಲ, ಯಾವಾಗ ಎಂಬುದಷ್ಟೇ ಉಳಿದಿದೆ. ಆ ದಿನವನ್ನು ನಿಮ್ಮ ವೀಸಾದ ಹೊಣೆ ಹೊತ್ತ ಕಫೀಲರು ಗೊತ್ತುಮಾಡುವುದಕ್ಕಿಂತ ಮುಂಚೆ ನೀವೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವರ್ಷ ಎಂಬ ಮಾತಿನ ಹಿಂದೆ ಸೇವಾಂತ್ಯದ ಹಣದ ಲೆಕ್ಕವಿದ್ದರೆ, ಅದನ್ನು ಒಮ್ಮೆ ಬಿಡಿಸಿ ನೋಡೋಣ. ಕುವೈತಿನ ಖಾಸಗಿ ವಲಯದ 2010ರ 6ನೆಯ ಕಾರ್ಮಿಕ ಕಾಯಿದೆಯ ಪ್ರಕಾರ ತಿಂಗಳ ಸಂಬಳದವರಿಗೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 15 ದಿನದ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳ ಸಂಬಳ ಸೇರುತ್ತದೆ. ಆದರೆ ಒಟ್ಟು ಮೊತ್ತ ಒಂದೂವರೆ ವರ್ಷದ ಸಂಬಳವನ್ನು ಮೀರುವಂತಿಲ್ಲ. 22 ವರ್ಷಗಳ ಸೇವೆಯಲ್ಲಿ ನೀವು ಆ ಮಿತಿಯನ್ನು ಆಗಲೇ ದಾಟಿದ್ದೀರಿ. ಇನ್ನು ಮುಂದೆ ಸಂಬಳ ಏರಿದರೆ ಮಾತ್ರ ಆ ಮೊತ್ತ ಏರುತ್ತದೆ. ವರ್ಷ ಕೂಡಿದ್ದರಿಂದ ಏರುವುದಿಲ್ಲ. ಇದನ್ನು ನಿಮ್ಮ ಕಚೇರಿಯಿಂದ ಬರಹದಲ್ಲಿ ಪಡೆದುಕೊಳ್ಳಿ. ಇಷ್ಟು ವರ್ಷ ಅಲ್ಲಿದ್ದರೂ ಈ ಮಿತಿಯನ್ನು ತಿಳಿಯದೆ, ಗ್ರಾಚ್ಯುಟಿ ಬೆಳೆಯುತ್ತಿದೆಯೆಂದು ನಂಬಿ ಕುಳಿತವರನ್ನು ನಾನು ಕಂಡಿದ್ದೇನೆ, ಕಂಡು ಬೇಸರಪಟ್ಟಿದ್ದೇನೆ.

ಊರಿನಲ್ಲಿ ಆರೋಗ್ಯ ವಿಮೆಯನ್ನು ಈಗಲೇ ಮಾಡಿಸಿ. ಮೊದಲಿನಿಂದ ಇರುವ ಕಾಯಿಲೆಗಳಿಗೆ ಮೂರು ವರ್ಷಗಳವರೆಗೆ ಕಾಯುವ ಅವಧಿ ಇರುತ್ತದೆ. ಅದು ನೀವು ದುಡಿಯುತ್ತಿರುವಾಗಲೇ ಕಳೆದುಹೋಗಲಿ. ಬಂದ ಮೇಲೆ, ಹೊರದೇಶದಲ್ಲಿರುವವರಿಗೆಂದು ಇರುವ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು. ವಿದೇಶಿ ಹಣವನ್ನು ಹಾಗೆಯೇ ಇಡಬೇಕೆಂದಿದ್ದರೆ ಆರ್‌ಎಫ್‌ಸಿ ಖಾತೆಯ ಬಗ್ಗೆ ಬ್ಯಾಂಕಿನಲ್ಲಿ ಕೇಳಿ. ಇಷ್ಟು ದೀರ್ಘಕಾಲ ಹೊರಗಿದ್ದವರಿಗೆ ಆರಂಭದ ಎರಡು ಮೂರು ವರ್ಷ ಆದಾಯ ತೆರಿಗೆಯಲ್ಲಿ ಸಿಗುವ ವಿಶೇಷ ಸ್ಥಾನವನ್ನು ಲೆಕ್ಕಪರಿಶೋಧಕರಿಂದ ತಿಳಿದುಕೊಳ್ಳಿ. ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನಿಮ್ಮ ನೋಂದಣಿ ನವೀಕರಣವಾಗಿದೆಯೇ ಎಂದೂ ನೋಡಿ.

ಸಕ್ಕರೆ ಡಬ್ಬದ ಮಾತು ಹಣದ ಮಾತಿಗಿಂತ ದೊಡ್ಡದು. ಐದು ವರ್ಷಗಳಿಂದ ಆ ಮನೆಯನ್ನು ನಿಮ್ಮ ಯಜಮಾನರು ಮತ್ತು ಮಗಳು ನಡೆಸಿದ್ದಾರೆ, ಅದಕ್ಕೆ ಅವರದೇ ಒಂದು ಕ್ರಮ ಬಂದಿದೆ. ರಜೆಯಲ್ಲಿ ಬಂದವರಿಗೆ ಆ ಕ್ರಮ ತಿಳಿಯುವುದಿಲ್ಲ, ಏಕೆಂದರೆ ನೀವು ಬಂದಾಗ ಎಲ್ಲರೂ ರಜೆಯಲ್ಲಿರುವಂತೆ ಬದುಕುತ್ತಾರೆ: ಮದುವೆ, ದೇವಸ್ಥಾನ, ನೆಂಟರ ಮನೆ. ಆದ್ದರಿಂದ ಕೆಲಸ ಬಿಡುವ ಮುಂಚೆ ಸಂಬಳವಿಲ್ಲದ ರಜೆಯನ್ನಾದರೂ ಕೇಳಿ ಎರಡು ತಿಂಗಳು ಮಳೆಗಾಲದಲ್ಲಿ ಬನ್ನಿ. ಆಟಿಯ ತಿಂಗಳಲ್ಲಿ ಮದುವೆಮುಂಜಿಗಳಿರುವುದಿಲ್ಲ, ಯಾರೂ ನಿಮ್ಮನ್ನು ನೋಡಲು ಬರುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಕರೆಂಟು ಇರುವುದಿಲ್ಲ. ಆ ಎರಡು ತಿಂಗಳಲ್ಲಿ ಊರಿನ ಬದುಕು ಹೇಗಿದೆಯೋ ಹಾಗೆ ಕಾಣುತ್ತದೆ. ಅದನ್ನು ಕಂಡ ಮೇಲೆ ದಿನಾಂಕವನ್ನು ಬರೆದು ಯಜಮಾನರಿಗೆ ತಿಳಿಸಿ. ಬಂದ ಮೇಲೆ ಮಾಡುವ ಕೆಲಸವನ್ನೂ ಈಗಲೇ ಯೋಚಿಸಿಡಿ. ಹಾಸಿಗೆ ಹಿಡಿದ ವೃದ್ಧರಿರುವ, ಮಕ್ಕಳು ಹೊರದೇಶದಲ್ಲಿರುವ ಮನೆಗಳು ಉಡುಪಿ ಜಿಲ್ಲೆಯಲ್ಲಿ ಹಳ್ಳಿಹಳ್ಳಿಗೂ ಇವೆ. ಅವರ ಮನೆಗೇ ಹೋಗಿ ನೋಡಿಕೊಳ್ಳಬಲ್ಲ ಅನುಭವಿ ನರ್ಸ್ ಸಿಗುವುದು ಕಷ್ಟ. ನಿಮ್ಮ 22 ವರ್ಷದ ಕೈಗುಣಕ್ಕೆ ಇಲ್ಲಿ ಕೆಲಸವಿದೆ.

ಪ್ರಶ್ನೆ: ನಾನು 1984ರಲ್ಲಿ ಕುವೈತಿನಲ್ಲಿ ಹುಟ್ಟಿ, ಆರನೆಯ ವಯಸ್ಸಿನಲ್ಲಿ ತಂದೆತಾಯಿಯೊಂದಿಗೆ ಬಂದವಳು. ಈಗ ಬೆಂಗಳೂರಿನಲ್ಲಿದ್ದೇನೆ, ತಂದೆ ಇಲ್ಲ. ಕಾರಿನ ಹಿಂದಿನ ಕಿಟಕಿಯಿಂದ ಕಾಣುತ್ತಿದ್ದ, ಪಟ್ಟೆಪಟ್ಟೆಯ ದೊಡ್ಡ ಅಣಬೆಗಳಂತಹ ಗೋಪುರಗಳ ನೆನಪು ಮಾತ್ರ ಉಳಿದಿದೆ. ಅಮ್ಮ ಅಂತಹದ್ದೇನೂ ಇರಲಿಲ್ಲ ಎನ್ನುತ್ತಾರೆ. ಕುವೈತ್ ಟವರ್ಸ್ ಚಿತ್ರ ನೋಡಿದೆ, ಅದಲ್ಲ. ಇಷ್ಟು ನೆನಪಿಗಾಗಿ ಅಷ್ಟು ದೂರ ಹೋಗುವುದು ಸರಿಯೇ?

ಉತ್ತರ: ನಿಮ್ಮ ನೆನಪು ಸರಿಯಾಗಿದೆ. ಅವು ನೀರಿನ ಗೋಪುರಗಳು. ಸ್ವೀಡನ್ನಿನ ವಾಸ್ತುಶಿಲ್ಪಿ ಸೂನೆ ಲಿಂಡ್‌ಸ್ಟ್ರೋಮ್ ರೂಪಿಸಿದ, ನೀಲಿ ಬಿಳಿ ಪಟ್ಟೆಯ, ಅಣಬೆಯಾಕಾರದ ಈ ಗೋಪುರಗಳು ನಗರದ ಬೇರೆಬೇರೆ ಕಡೆ ಗುಂಪುಗುಂಪಾಗಿ ಇಂದಿಗೂ ನಿಂತಿವೆ. ನೀವು ಚಿತ್ರದಲ್ಲಿ ನೋಡಿದ, 1979ರಲ್ಲಿ ತೆರೆದ, 187 ಮೀಟರ್ ಎತ್ತರದ ಕುವೈತ್ ಟವರ್ಸ್ ಕೂಡ ಅದೇ ನೀರಿನ ಯೋಜನೆಗೆ ಸೇರಿದವು, ಎರಡಕ್ಕೂ ಒಟ್ಟಾಗಿ 1980ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಿತ್ತು. ನದಿಯಿಲ್ಲದ ದೇಶವದು. ಒಂದು ಕಾಲದಲ್ಲಿ ಶತ್ ಅಲ್ ಅರಬ್ ನದಿಯಿಂದ ಮರದ ಹಡಗುಗಳಲ್ಲಿ ಸಿಹಿನೀರು ತರುತ್ತಿದ್ದರು. ಸಮುದ್ರದ ನೀರನ್ನು ಸಿಹಿ ಮಾಡಲು ಕಲಿತ ಮೇಲೆ ಅದನ್ನು ತುಂಬಿಡಲು ಕಟ್ಟಿದ ಗೋಪುರಗಳಿವು.

ಅಮ್ಮನಿಗೆ ನೆನಪಿಲ್ಲದಿರುವುದು ಸಹಜ. ಮಗು ಕಿಟಕಿಯಿಂದ ಮೇಲೆ ನೋಡುತ್ತಿದ್ದಾಗ ಅವರು ಮಡಿಲಿನ ಚೀಲವನ್ನೋ ಮುಂದಿನ ರಸ್ತೆಯನ್ನೋ ನೋಡುತ್ತಿದ್ದಿರಬೇಕು. ಅವರಿಗೆ ನೆನಪಿರುವ ಕುವೈತು ಬೇರೆಯೇ ಇರುತ್ತದೆ, ಅದರಲ್ಲಿ ನಿಮ್ಮ ತಂದೆ ಇರುತ್ತಾರೆ. ಆದ್ದರಿಂದ ಒಬ್ಬರೇ ಹೋಗಬೇಡಿ. ಅಮ್ಮನಿಗೆ ಪ್ರಯಾಣ ಮಾಡುವ ಶಕ್ತಿ ಇರುವಾಗಲೇ ಅವರನ್ನೂ ಕರೆದುಕೊಂಡು ಹೋಗಿ, ಗೋಪುರಗಳ ಬುಡದಲ್ಲಿ ಕಾರು ನಿಲ್ಲಿಸಿ, ಮನೆ ಇಲ್ಲಿಂದ ಯಾವ ಕಡೆಗಿತ್ತು ಎಂದು ಅವರನ್ನು ಕೇಳಿ.